ಉಬ್ಬಸದವರು ಕಡಲಾಳಕ್ಕೆ ಇಳಿಯಬಾರದೇ?

ಕೊಳ್ಳೇಗಾಲದಿಂದ ಹನೂರಿನ ರಸ್ತೆ ಹಿಡಿದರೆ ಸಿಗುವ ಮಧುವನಹಳ್ಳಿಗೂ ಕಡಲಿಗೂ ಯಾವ ನಂಟೂ ಇರಲಿಲ್ಲ. ಇಲ್ಲಿ ನೀರೆಂದರೆ ಕಾವೇರಿ, ಕೆರೆ, ಕಾಲುವೆ. ಈಗ ಹಾಗಿಲ್ಲ. ಬೆಂಗಳೂರು, ಮೈಸೂರುಗಳಲ್ಲಿ ಕೆಲಸಕ್ಕಿರುವ ನಮ್ಮ ಕಡೆಯ ಹುಡುಗ ಹುಡುಗಿಯರು ಶುಕ್ರವಾರ ರಾತ್ರಿ ಮುರುಡೇಶ್ವರದ ಬಸ್ಸು ಹತ್ತುತ್ತಾರೆ. ಮರುದಿನ ದೋಣಿಯಲ್ಲಿ ಸುಮಾರು 19 ಕಿ.ಮೀ. ಸಾಗಿ, ನೇತ್ರಾಣಿ ದ್ವೀಪದ ಬಳಿ ಬೆನ್ನಿಗೆ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯುತ್ತಾರೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಅದೇ ನೇತ್ರಾಣಿಯ ನೀರಿಗೆ ಇಳಿದದ್ದನ್ನು ನೋಡಿದ ಮೇಲಂತೂ ಆಸೆ ಇನ್ನೂ ಹೆಚ್ಚಿದೆ. ಗಡಿಯಾಚೆಯ ಗಾಜನೂರಿನ ಮುತ್ತುರಾಜರ, ಅಂದರೆ ನಟ ರಾಜ್‌ಕುಮಾರರ, ಮಗ ಮಾಡಿದ್ದನ್ನು ತಾವೂ ಮಾಡಬೇಕೆಂದು ಚಾಮರಾಜನಗರ ಜಿಲ್ಲೆಯ ಮಕ್ಕಳಿಗೆ ಅನ್ನಿಸಿದರೆ ಅದು ಸಹಜವೇ.

ಈ ಹುಡುಗರಲ್ಲಿ ಕೆಲವರಿಗೆ ಉಬ್ಬಸ ಇರುತ್ತದೆ. ನಮ್ಮ ಕಡೆ ಅದನ್ನು ಗೂರಲು ಅನ್ನುತ್ತೇವೆ. ಅವರು ಕೇಳುವ ಪ್ರಶ್ನೆಗೆ ಸಿಗುವ ಉತ್ತರಗಳು ಎರಡೇ. ಮನೆಯ ಹಿರಿಯರು, ಜೊತೆಗೆ ಬಹುಪಾಲು ವೈದ್ಯರು ಹೇಳುವುದು: “ಗೂರ್ಲು ಇರೋವ್ರು ನೀರಿನ್ ತಂಟೆಗೆ ಹೋಗ್ಬಾರ್ದು ಕಣ್ ಮಗ.” ಗೆಳೆಯರು ಹೇಳುವುದು: “ಈಗ ಆಕ್ಸಿಜನ್ ಜಾಸ್ತಿ ಇರೋ ಸಿಲಿಂಡರ್ ಸಿಗುತ್ತೆ. ಅದನ್ನ ಹಾಕ್ಕೊ, ಏನೂ ಆಗಲ್ಲ.” ನನ್ನ ತಕರಾರು ಎರಡರ ಮೇಲೂ ಇದೆ. ಮೊದಲನೆಯದು ಅರ್ಧ ನಿಜ, ಎರಡನೆಯದು ಪೂರ್ತಿ ತಪ್ಪು. ಅಪಾಯಕ್ಕೆ ಎರಡೂ ಒಂದೇ ದಾರಿ ತೆರೆಯುತ್ತವೆ: ಉಬ್ಬಸ ಯಾವ ಹದದಲ್ಲಿದೆ ಎಂದು ಯಾರೂ ಅಳೆದು ನೋಡದಂತೆ ಮಾಡುತ್ತವೆ.

ಹಿರಿಯರ ಮಾತಿನಲ್ಲಿರುವ ನಿಜವನ್ನು ಮೊದಲು ಒಪ್ಪಿಕೊಳ್ಳಬೇಕು. ಯಳಂದೂರಿನಲ್ಲಿ ಕೊಂಡ ಚಿಪ್ಸ್ ಪ್ಯಾಕೆಟ್ಟು ಬಿಳಿಗಿರಿರಂಗನ ಬೆಟ್ಟ ಹತ್ತುವ ಹೊತ್ತಿಗೆ ಉಬ್ಬಿಕೊಳ್ಳುವುದನ್ನು ಎಲ್ಲರೂ ನೋಡಿದ್ದೇವೆ. ಮೇಲೇರಿದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಒಳಗಿನ ಗಾಳಿ ಹಿಗ್ಗುತ್ತದೆ. ಅಷ್ಟು ದೊಡ್ಡ ಬೆಟ್ಟ ಹತ್ತಿದರೂ ಒತ್ತಡ ಕುಗ್ಗುವುದು ಶೇ 10ರ ಆಸುಪಾಸು ಮಾತ್ರ. ಕಡಲಿನಲ್ಲಿ 10 ಮೀಟರ್ ಆಳದಿಂದ ಮೇಲಕ್ಕೆ ಬಂದರೆ ಒತ್ತಡ ಅರ್ಧಕ್ಕೆ ಇಳಿಯುತ್ತದೆ, ಗಾಳಿಯ ಗಾತ್ರ ಎರಡರಷ್ಟಾಗುತ್ತದೆ. ಸಿಲಿಂಡರಿನ ರೆಗ್ಯುಲೇಟರ್ ಆಯಾ ಆಳದ ಒತ್ತಡದಲ್ಲೇ ಗಾಳಿ ಕೊಡುವುದರಿಂದ, ಮೇಲಕ್ಕೆ ಬರುವಾಗ ಪುಪ್ಪುಸದಲ್ಲಿ ಹಿಗ್ಗುವ ಗಾಳಿ ಸಲೀಸಾಗಿ ಹೊರಗೆ ಹೋಗಲೇಬೇಕು. ಪುಪ್ಪುಸ ಪೂರ್ತಿ ತುಂಬಿರುವಾಗ ಉಸಿರು ಬಿಗಿಹಿಡಿದು ಒಂದೂಕಾಲು ಮೀಟರಿನಷ್ಟು ಮೇಲೇರಿದರೂ ಅದರ ಗೋಡೆ ಹರಿಯಬಹುದು. ಹರಿದರೆ ಗಾಳಿಯ ಗುಳ್ಳೆ ರಕ್ತನಾಳಕ್ಕೆ ಸೇರಿ ಮಿದುಳಿಗೆ ಹೋಗುತ್ತದೆ. ನೀರಿನ ಮೇಲೆ ತಲೆ ಎತ್ತಿದ ಕೆಲವೇ ನಿಮಿಷಗಳಲ್ಲಿ ಪ್ರಜ್ಞೆ ತಪ್ಪುತ್ತದೆ, ಕೈಕಾಲು ಬಿದ್ದುಹೋಗುತ್ತದೆ.

ಉಬ್ಬಸದ ಕೇಡು ಇರುವುದು ಇದೇ ಜಾಗದಲ್ಲಿ. ಉಬ್ಬಸವೆಂದರೆ ಗಾಳಿ ಒಳಗೆ ಹೋಗದ ಕಾಯಿಲೆ ಎಂದು ಜನ ತಿಳಿದಿದ್ದಾರೆ. ನಿಜಕ್ಕೂ ಹೆಚ್ಚು ಕಷ್ಟವಾಗುವುದು ಗಾಳಿ ಹೊರಗೆ ಬರುವುದಕ್ಕೆ. ಸಣ್ಣ ಶ್ವಾಸನಾಳಗಳು ಬಿಗಿದು, ಒಳಪೊರೆ ಊದಿಕೊಂಡು, ಕಫ ಕಟ್ಟಿದಾಗ ಒಳಗೆ ಹೋದ ಗಾಳಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಸುಯ್ ಸುಯ್ ಸದ್ದು ಉಸಿರು ಬಿಡುವಾಗಲೇ ಜೋರಾಗಿ ಕೇಳುವುದು ಅದಕ್ಕೇ. ಹೀಗೆ ಸಿಕ್ಕಿಕೊಂಡ ಗಾಳಿ ನೆಲದ ಮೇಲೆ ಏದುಸಿರು ತರಿಸುತ್ತದೆ. ನೀರಿನಿಂದ ಮೇಲೇರುವಾಗ ಅದೇ ಗಾಳಿ ಪುಪ್ಪುಸವನ್ನು ಒಡೆಯಬಹುದು.

ಇದರ ಮೇಲೆ ಇನ್ನೂ ಮೂರು ತೊಂದರೆ ಸೇರುತ್ತವೆ. ಸಿಲಿಂಡರಿನ ಗಾಳಿಯಲ್ಲಿ ತೇವ ಇರುವುದೇ ಇಲ್ಲವೆನ್ನಬಹುದು. ಒಣಗಾಳಿ ಎಳೆದುಕೊಂಡರೆ ಅನೇಕರಿಗೆ ನಾಳ ಬಿಗಿಯುತ್ತದೆ. ರೆಗ್ಯುಲೇಟರ್ ಸ್ವಲ್ಪ ಸೋರಿದರೂ ಉಪ್ಪುನೀರಿನ ಹನಿ ಉಸಿರಿನೊಡನೆ ಒಳಗೆ ಹೋಗುತ್ತದೆ. ಕಡಲ ನೀರಿನಲ್ಲಿ ಉಪ್ಪು ಶೇ 3.5ರಷ್ಟು. ಉಬ್ಬಸ ಇದೆಯೇ ಎಂದು ಪತ್ತೆ ಹಚ್ಚಲು ಆಸ್ಪತ್ರೆಗಳಲ್ಲಿ ಬೇಕೆಂದೇ ಎಳೆಸುವ ಉಪ್ಪಿನ ಮಂಜು ಶೇ 4.5ರದ್ದು. ಅಂದರೆ ಪ್ರಯೋಗಾಲಯದಲ್ಲಿ ವೈದ್ಯರ ಕಣ್ಣೆದುರು ಮಾಡುವ ಪರೀಕ್ಷೆಗೆ ಹತ್ತಿರದ್ದೇ ಒಂದು ಪರೀಕ್ಷೆ ಕಡಲಿನಲ್ಲಿ ತಾನಾಗಿ ನಡೆದುಬಿಡುತ್ತದೆ. ಮೂರನೆಯದು ಗಾಳಿಯ ಸಾಂದ್ರತೆ. 30 ಮೀಟರ್ ಆಳದಲ್ಲಿ ಎಳೆಯುವ ಗಾಳಿ ನೆಲದ ಗಾಳಿಗಿಂತ ನಾಲ್ಕು ಪಟ್ಟು ದಟ್ಟ. ಆರೋಗ್ಯವಂತರಿಗೂ ಅಲ್ಲಿ ಗರಿಷ್ಠ ಉಸಿರಾಟದ ಶಕ್ತಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾಳ ಮೊದಲೇ ಕಿರಿದಾಗಿದ್ದವರಿಗೆ ಉಳಿಯುವುದು ಎಷ್ಟು?

ಇಷ್ಟೆಲ್ಲ ಗೊತ್ತಿದ್ದ ಹಳೆಯ ಡೈವಿಂಗ್ ವೈದ್ಯರು, ಅದರಲ್ಲೂ ಆಸ್ಟ್ರೇಲಿಯಾದ ಕಡೆಯವರು, ಬಹುಕಾಲ ಉಬ್ಬಸದವರಿಗೆ ಸಂಪೂರ್ಣ ನಿಷೇಧವನ್ನೇ ಎತ್ತಿಹಿಡಿದರು. ಅದು ಹೆದರಿಕೆಯಿಂದ ಹುಟ್ಟಿದ್ದಲ್ಲ, ಶರೀರಶಾಸ್ತ್ರದಿಂದ ಹುಟ್ಟಿದ್ದು. ಹಾಗಿದ್ದರೆ ನನ್ನ ತಕರಾರು ಏನು?

ಉಬ್ಬಸ ಎಲ್ಲರಲ್ಲೂ ಒಂದೇ ಬಗೆಯದಲ್ಲ. ಆರನೇ ವಯಸ್ಸಿನಲ್ಲಿ ರಾತ್ರಿಯೆಲ್ಲ ಗೂರಿ, ಹದಿನೈದಕ್ಕೆ ಪೂರ್ತಿ ಬಿಟ್ಟುಹೋಗಿ, ಇಪ್ಪತ್ತೈದಕ್ಕೆ ಕಬಡ್ಡಿ ಆಡುವ ಹುಡುಗ ಒಬ್ಬ. ಧನುರ್ಮಾಸದ ಚಳಿಯಲ್ಲಿ ನಾಲ್ಕು ಹೆಜ್ಜೆ ಓಡಿದರೆ ಎದೆ ಹಿಡಿದುಕೊಳ್ಳುವ ಹುಡುಗಿ ಒಬ್ಬಳು. ಧೂಳು ಗುಡಿಸಿದ ದಿನ ಮಾತ್ರ ಕೆಮ್ಮುವವರು ಇನ್ನೊಬ್ಬರು. ಇವರಿಗೆಲ್ಲ ಒಂದೇ ಉತ್ತರ ಕೊಡುವುದು ವೈದ್ಯಕೀಯವಲ್ಲ. 1995ರಲ್ಲಿ ನೀರೊಳಗಿನ ವೈದ್ಯಕೀಯದ ತಜ್ಞರು ಉಬ್ಬಸದವರು ಡೈವಿಂಗ್‌ಗೆ ಯೋಗ್ಯರೇ ಎಂಬ ಈ ಒಂದೇ ಪ್ರಶ್ನೆ ಇಟ್ಟುಕೊಂಡು ಸಭೆ ಸೇರಿದರು. 2003ರಲ್ಲಿ ಬ್ರಿಟಿಷ್ ಥೊರಾಸಿಕ್ ಸೊಸೈಟಿ ಸ್ಪಷ್ಟವಾದ ಮಾರ್ಗಸೂಚಿಯನ್ನೇ ಹೊರಡಿಸಿತು. ವ್ಯಾಯಾಮ, ಚಳಿ ಅಥವಾ ಉದ್ವೇಗದಿಂದ ಕೆರಳುವ ಉಬ್ಬಸದವರು ಇಳಿಯಬಾರದು. ಉಳಿದವರಲ್ಲಿ, ದಿನನಿತ್ಯದ ತಡೆ ಔಷಧಿ ತೆಗೆದುಕೊಳ್ಳುತ್ತಿದ್ದರೂ ಸರಿಯೇ, ಯಾವ ಲಕ್ಷಣವೂ ಇಲ್ಲದೆ, ಸ್ಪೈರೊಮೆಟ್ರಿ (ಊದಿಸಿ ಉಸಿರನ್ನು ಅಳೆಯುವ ಪರೀಕ್ಷೆ) ಸಹಜವಾಗಿದ್ದು, ವ್ಯಾಯಾಮದ ಪರೀಕ್ಷೆಯಲ್ಲಿ ನಾಳ ಬಿಗಿಯದಿದ್ದರೆ ಇಳಿಯಲು ಅನುಮತಿ ಕೊಡಬಹುದು. ಅನುಮತಿ ಸಿಕ್ಕ ಮೇಲೂ ಡೈವಿಂಗ್ ಮಾಡುವ ಕಾಲದಲ್ಲಿ ದಿನಕ್ಕೆ ಎರಡು ಬಾರಿ ಊದಿ ಉಸಿರಿನ ವೇಗ ಅಳೆಯಬೇಕು. ಅಳತೆ ತಮ್ಮ ಅತ್ಯುತ್ತಮಕ್ಕಿಂತ ಶೇ 10ಕ್ಕೂ ಹೆಚ್ಚು ಕುಗ್ಗಿದ್ದರೆ, ದಿನದೊಳಗಿನ ಏರಿಳಿತ ಶೇ 20 ದಾಟಿದ್ದರೆ, ಅಥವಾ ಹಿಂದಿನ 48 ಗಂಟೆಗಳಲ್ಲಿ ಉಪಶಮನದ ಪಂಪು (ಇನ್‌ಹೇಲರ್) ಬೇಕಾಗಿದ್ದರೆ ಅಂದು ನೀರಿಗೆ ಇಳಿಯುವಂತಿಲ್ಲ.

ಈ ನಿಯಮ ಸಡಿಲವೆಂದು ಯಾರಿಗಾದರೂ ಅನ್ನಿಸಿದರೆ ಇನ್ನೊಮ್ಮೆ ಓದಲಿ. ನಮ್ಮಲ್ಲಿ ‘ಬೇಡ’ ಎಂಬ ಒಂದೇ ಮಾತಿನಿಂದ ಆಗದ ಕೆಲಸವನ್ನು ಇದು ಮಾಡುತ್ತದೆ. ಎಷ್ಟೋ ಜನರನ್ನು ಕಾರಣ ಹೇಳಿ ತಡೆಯುತ್ತದೆ, ತಡೆಯಬೇಕಿಲ್ಲದವರನ್ನು ಬಿಡುತ್ತದೆ.

ಬರಿಯ ‘ಬೇಡ’ ಏನು ಮಾಡುತ್ತದೆ ಎಂದು ನೋಡಬೇಕಾದರೆ ದೋಣಿ ಹತ್ತುವ ಮುನ್ನ ಕೈಗೆ ಕೊಡುವ ಫಾರಂ ನೋಡಬೇಕು. ಡೈವಿಂಗ್ ತರಬೇತಿ ಸಂಸ್ಥೆಗಳು ಹೆಚ್ಚಾಗಿ ಬಳಸುವ, 2020ರಲ್ಲಿ ಪರಿಷ್ಕೃತವಾದ ಆರೋಗ್ಯ ಪ್ರಶ್ನಾವಳಿಯಲ್ಲಿ, ಕಳೆದ 12 ತಿಂಗಳಲ್ಲಿ ದೈಹಿಕ ಚಟುವಟಿಕೆಗೆ ಅಡ್ಡಿಯಾಗುವಂಥ ಉಬ್ಬಸ, ಸುಯ್‌ಗುಟ್ಟುವಿಕೆ ಇತ್ತೇ ಎಂದು ಕೇಳಿದೆ. ‘ಹೌದು’ ಎಂದರೆ ವೈದ್ಯರ ಒಪ್ಪಿಗೆ ಬೇಕು. ಆ ಹೊತ್ತಿಗೆ ದುಡ್ಡು ಕಟ್ಟಿ ಆಗಿದೆ, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದಾಗಿದೆ, ಗೆಳೆಯರು ಲೈಫ್ ಜಾಕೆಟ್ ತೊಟ್ಟು ನಿಂತಿದ್ದಾರೆ. ಉಬ್ಬಸ ಅಂದರೆ ಹೇಗೂ ಬಿಡುವುದಿಲ್ಲ ಎಂದು ಊರಲ್ಲೇ ಕೇಳಿ ಬಂದ ಹುಡುಗ ‘ಇಲ್ಲ’ ಎಂದು ಗುರುತು ಹಾಕುತ್ತಾನೆ. ನಿಷೇಧ ಅವನನ್ನು ಕಡಲಿನಿಂದ ದೂರ ಇಡಲಿಲ್ಲ, ಅವನ ಕೈ ಹಿಡಿದು ಇಳಿಸುವ ತರಬೇತುದಾರನಿಗೆ ನಿಜ ತಿಳಿಯದಂತೆ ಮಾಡಿತು ಅಷ್ಟೇ. ಪರೀಕ್ಷೆ ಮಾಡಿಸಿದರೆ ಪಾಸಾಗಬಹುದು ಎಂಬ ಬಾಗಿಲು ತೆರೆದಿದ್ದರೆ ಅವನು ಎರಡು ವಾರ ಮೊದಲೇ ಮೈಸೂರಿನಲ್ಲಿ ಒಬ್ಬ ಶ್ವಾಸಕೋಶ ತಜ್ಞರನ್ನು ನೋಡುತ್ತಿದ್ದ. ಆಗ ಫೇಲಾಗುವವರೂ ಗೊತ್ತಾಗುತ್ತಿದ್ದರು.

ಕೊಳ್ಳೇಗಾಲದವರಿಗೆ ಈ ಮಾತು ಇನ್ನೂ ಹತ್ತಿರದ್ದು. ನಮ್ಮದು ರೇಷ್ಮೆಯ ಸೀಮೆ. ಗೂಡು ಬೇಯಿಸಿ ನೂಲು ತೆಗೆಯುವ ಕೋಣೆಯ ಹಬೆ, ಸತ್ತ ಹುಳುವಿನ ವಾಸನೆ, ರೇಷ್ಮೆಯ ಅಂಟಿನ ಧೂಳು ಇವೆಲ್ಲ ನಾಳವನ್ನು ಕೆರಳಿಸುತ್ತವೆ. ರೇಷ್ಮೆ ನೂಲು ತೆಗೆಯುವವರಲ್ಲಿ ಕೆಲಸದಿಂದಲೇ ಉಬ್ಬಸ ಬರುವುದನ್ನು ಬೆಂಗಳೂರಿನ ಸಂಶೋಧಕರು 1985ರಲ್ಲೇ ಪ್ರಕಟಿಸಿದ್ದರು. ಶ್ರೀಲಂಕಾದ ರೇಷ್ಮೆ ಕೆಲಸಗಾರರ ಬಗೆಗೂ ಇಂಥದೇ ವರದಿ ಬಂದಿದೆ. ಹಾಗಿದ್ದೂ ನಮ್ಮ ಮನೆಗಳಲ್ಲಿ ಅದನ್ನು “ಮೈಗುಣ” ಎಂದು ತಳ್ಳಿಹಾಕುತ್ತೇವೆ. ಜೋರಾದ ದಿನ ಒಂದು ಡೆರಿಫಿಲಿನ್ ಇಂಜೆಕ್ಷನ್, ಇಳಿದ ದಿನ ಏನೂ ಇಲ್ಲ. ಮೃಗಶಿರಾ ಮಳೆಗೆ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಮದ್ದು ನುಂಗಿ ಬಂದವರೂ ಇದ್ದಾರೆ. ಊದಿ ಅಳೆದು ನೋಡಿದವರು ಮಾತ್ರ ಬಲು ಕಡಿಮೆ.

ಇಲ್ಲಿ ಇನ್ನೊಂದು ಜನಪ್ರಿಯ ನಂಬಿಕೆಯನ್ನು ಎದುರಿಸಲೇಬೇಕು. ಪಂಪು ಹಾಕಿಕೊಳ್ಳುವವನು ರೋಗಿ, ಹಾಕಿಕೊಳ್ಳದವನು ಆರೋಗ್ಯವಂತ ಎಂಬುದು ಅದು. “ಪಂಪು ಅಭ್ಯಾಸ ಆಗ್ಬಿಡುತ್ತೆ, ಹತ್ತಿಸ್ಕೊಬೇಡ” ಎಂದು ಮದುವೆಯ ವಯಸ್ಸಿನ ಮಗಳಿಗೆ ಹೇಳದ ತಾಯಿ ವಿರಳ. ಪಂಪುಗಳಲ್ಲಿ ಎರಡು ಬಗೆ. ಬ್ಯುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪು ಬೆಳಗ್ಗೆ ಸಂಜೆ ತೆಗೆದುಕೊಂಡರೆ ನಾಳದ ಊತವನ್ನು ದಿನದಿನಕ್ಕೆ ಇಳಿಸುತ್ತದೆ. ಅಸ್ತಾಲಿನ್‌ನಂಥ ಸಾಲ್ಬುಟಮಾಲ್ ಪಂಪು ಬಿಗಿದ ನಾಳವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಬರಿಯ ಸಾಲ್ಬುಟಮಾಲಿನ ಮೇಲೆ ಉಬ್ಬಸವನ್ನು ನಡೆಸಬಾರದೆಂದು ಉಬ್ಬಸದ ಜಾಗತಿಕ ಮಾರ್ಗಸೂಚಿ 2019ರಿಂದ ಹೇಳುತ್ತಿದೆ. ಹಾಗಾಗಿ ದಿನವೂ ತಡೆ ಪಂಪು ಹಾಕಿಕೊಂಡು ತಿಂಗಳುಗಟ್ಟಲೆ ಒಮ್ಮೆಯೂ ಏದುಸಿರು ಬಿಡದವನು, ಯಾವ ಔಷಧಿಯೂ ಇಲ್ಲದೆ ಆಗಾಗ ಎದೆ ಬಿಗಿದುಕೊಳ್ಳುವವನಿಗಿಂತ ಕಡಲಿಗೆ ಹೆಚ್ಚು ಯೋಗ್ಯ. ಊರಿನ ಲೆಕ್ಕ ಇದಕ್ಕೆ ತಿರುಗುಮುರುಗು.

ದೋಣಿಯಲ್ಲಿ ಎರಡು ಸಲ ಅಸ್ತಾಲಿನ್ ಎಳೆದುಕೊಂಡು “ಈಗ ಸರಿಹೋಯ್ತು” ಎಂದು ಇಳಿಯುವವರ ಬಗ್ಗೆ ನನಗೆ ತುಂಬ ಆತಂಕವಿದೆ. ಆ ಹೊತ್ತಿಗೆ ಅದು ಬೇಕಾಯಿತು ಎಂಬುದೇ ಇಳಿಯಬಾರದು ಎಂಬುದರ ಗುರುತು.

ಇನ್ನು ಆಕ್ಸಿಜನ್ ಮಾತು. ನಮ್ಮ ಜಿಲ್ಲೆಯಲ್ಲಿ ಆಕ್ಸಿಜನ್ ಎಂಬ ಶಬ್ದಕ್ಕೆ ಇರುವ ತೂಕ ಬೇರೆ ಕಡೆ ಇರಲಾರದು. 2021ರ ಮೇ 2 ಮತ್ತು 3ರ ನಡುವಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ, ಆಕ್ಸಿಜನ್ ಕೊರತೆಯ ನಡುವೆ, ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಅಂದಿನಿಂದ ಇಲ್ಲಿನ ಜನಕ್ಕೆ ಆಕ್ಸಿಜನ್ ಇದ್ದರೆ ಜೀವ, ಇಲ್ಲದಿದ್ದರೆ ಸಾವು. ಈ ನೋವಿನಿಂದ ಹುಟ್ಟಿದ ನಂಬಿಕೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಆದರೆ ಕೋವಿಡ್ಡಿನಲ್ಲಿ ಪುಪ್ಪುಸದ ಗಾಳಿಚೀಲಗಳೇ ಕೆಟ್ಟು ರಕ್ತಕ್ಕೆ ಆಕ್ಸಿಜನ್ ಸೇರುತ್ತಿರಲಿಲ್ಲ. ಹದದಲ್ಲಿರುವ ಉಬ್ಬಸದವನ ರಕ್ತದಲ್ಲಿ ಆಕ್ಸಿಜನ್ ಸಾಕಷ್ಟಿರುತ್ತದೆ. ಅವನಿಗೆ ನೀರಿನಲ್ಲಿ ಕಾದಿರುವ ಅಪಾಯ ಗಾಳಿ ಒಳಗೆ ಸಿಕ್ಕಿಕೊಳ್ಳುವುದು. ಅದಕ್ಕೆ ಹೆಚ್ಚಿನ ಆಕ್ಸಿಜನ್ ಮದ್ದಲ್ಲ.

ಡೈವಿಂಗ್‌ನಲ್ಲಿ ನೈಟ್ರಾಕ್ಸ್ ಎಂದು ಕರೆಯುವ ಮಿಶ್ರಣದಲ್ಲಿ ಆಕ್ಸಿಜನ್ ಸಾಮಾನ್ಯವಾಗಿ ಶೇ 32 ಅಥವಾ 36 ಇರುತ್ತದೆ. ಮಾಮೂಲಿ ಗಾಳಿಯಲ್ಲಿ ಶೇ 21. ಅಮೆರಿಕದ ಸಾಗರ ಇಲಾಖೆಯ ಮುಳುಗುಗಾರರಿಗಾಗಿ 1970ರ ದಶಕದಲ್ಲಿ ಬಳಕೆಗೆ ಬಂದ ಇದರ ಉದ್ದೇಶ ನೈಟ್ರೋಜನ್ ಕಡಿಮೆ ಮಾಡುವುದು. ಆಳದಲ್ಲಿ ನೈಟ್ರೋಜನ್ ಮೈಯಲ್ಲಿ ಕರಗಿ, ಮೇಲೆ ಬಂದಾಗ ಗುಳ್ಳೆಯಾಗಿ ಕೀಲುನೋವು, ಲಕ್ವ ತರಬಹುದು. ನೈಟ್ರಾಕ್ಸ್‌ನಲ್ಲಿ ಅದು ಕಡಿಮೆ ಕರಗುವುದರಿಂದ ಹೆಚ್ಚು ಹೊತ್ತು ಕೆಳಗಿರಬಹುದು. ಇಷ್ಟೇ ಅದರ ಗುಣ. ಅದು ಬಿಗಿದ ನಾಳವನ್ನು ಸಡಿಲಿಸುವುದಿಲ್ಲ. ಅದೂ ಸಿಲಿಂಡರಿನ ಒಣಗಾಳಿಯೇ. ಎಳೆದುಕೊಳ್ಳಲು ಹಗುರವೂ ಅಲ್ಲ: ಆಕ್ಸಿಜನ್ನಿನ ಅಣು ನೈಟ್ರೋಜನ್ನಿನದಕ್ಕಿಂತ ಭಾರ, ಅಣುಭಾರ 28ರ ಬದಲು 32. ಹಾಗಾಗಿ ಶೇ 32ರ ನೈಟ್ರಾಕ್ಸ್ ಮಾಮೂಲಿ ಗಾಳಿಗಿಂತ ಶೇ 1ರಷ್ಟು ದಟ್ಟವೇ. ಹೆಚ್ಚು ಆಕ್ಸಿಜನ್ ಅಂದರೆ ಉಸಿರಾಟ ಸಲೀಸು ಎಂದು ಹೇಳುವವರು ಈ ಒಂದು ಲೆಕ್ಕವನ್ನು ನೋಡಬೇಕು.

ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ಒತ್ತಡದಲ್ಲಿ ಆಕ್ಸಿಜನ್ ವಿಷವಾಗುತ್ತದೆ. ಫ್ರಾನ್ಸಿನ ಪಾಲ್ ಬೆರ್ 1878ರಲ್ಲೇ ಇದನ್ನು ತೋರಿಸಿದ. ಆಕ್ಸಿಜನ್ನಿನ ಒತ್ತಡ 1.4 ಬಾರ್ ದಾಟಬಾರದೆಂಬುದು ಇಂದಿನ ರೂಢಿಯ ಮಿತಿ. ಶೇ 32ರ ಮಿಶ್ರಣದಲ್ಲಿ ಈ ಗೆರೆ ಸುಮಾರು 33 ಮೀಟರಿಗೆ, ಶೇ 36ರದರಲ್ಲಿ ಸುಮಾರು 29 ಮೀಟರಿಗೇ ಬರುತ್ತದೆ. ಅದನ್ನು ಮೀರಿದರೆ ಯಾವ ಮುನ್ಸೂಚನೆಯೂ ಇಲ್ಲದೆ ಮೂರ್ಛೆರೋಗದಂತೆ ಮೈ ಸೆಳೆಯಬಹುದು, ಬಾಯಿಂದ ರೆಗ್ಯುಲೇಟರ್ ಜಾರಬಹುದು. ನೈಟ್ರಾಕ್ಸ್ ಬಳಸಲು ಬೇರೆ ತರಬೇತಿ ಇರುವುದು, ಸಿಲಿಂಡರಿನ ಮಿಶ್ರಣವನ್ನು ಇಳಿಯುವವರೇ ಅಳೆದು ನೋಡಬೇಕೆಂಬ ಕಟ್ಟಳೆ ಇರುವುದು ಇದಕ್ಕಾಗಿಯೇ.

ನೈಟ್ರಾಕ್ಸ್ ಪರವಾಗಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ಮೈಯಲ್ಲಿ ಹುಟ್ಟುವ ಸಣ್ಣ ಗುಳ್ಳೆಗಳನ್ನು ಪುಪ್ಪುಸ ಜರಡಿಯಂತೆ ಹಿಡಿದು ನಿಲ್ಲಿಸುತ್ತದೆ. ಉಬ್ಬಸದ ಔಷಧಿಯಾದ ಅಮೈನೊಫಿಲಿನ್ ಕೊಟ್ಟ ಪ್ರಾಣಿಗಳಲ್ಲಿ ಈ ತಡೆ ಸಡಿಲವಾದದ್ದು 1970ರ ದಶಕದ ಪ್ರಯೋಗಗಳಲ್ಲಿ ಕಂಡಿದೆ. ನಮ್ಮ ಹಳ್ಳಿಗಳಲ್ಲಿ ಧಾರಾಳವಾಗಿ ಚುಚ್ಚುವ ಡೆರಿಫಿಲಿನ್ ಅದೇ ಜಾತಿಯ ಔಷಧಿ. ಮನುಷ್ಯರಲ್ಲಿ ಇದರ ತೂಕ ಎಷ್ಟೇ ಇರಲಿ, ಇಂಥ ಔಷಧಿ ತೆಗೆದುಕೊಂಡವರಿಗೆ ಗುಳ್ಳೆ ಕಡಿಮೆಯಾದಷ್ಟೂ ಒಳ್ಳೆಯದು ಎಂಬ ವಾದದಲ್ಲಿ ಹುರುಳಿದೆ. ಇನ್ನೊಂದು ಲಾಭ ನಮ್ಮ ದಾರಿಯದು. ಡೈವ್ ಮಾಡಿದ ಮೇಲೆ 600 ಮೀಟರಿಗಿಂತ ಎತ್ತರಕ್ಕೆ ಹೋಗುವ ಮುನ್ನ ಒಂದು ಡೈವ್ ಆದರೆ 12 ಗಂಟೆ, ಹಲವಾದರೆ 18 ಗಂಟೆ ಕಾಯಬೇಕೆಂದು ಡೈವಿಂಗ್ ಸುರಕ್ಷತೆಯವರು ಹೇಳುತ್ತಾರೆ. ವಿಮಾನಕ್ಕೆ ಹೇಳಿದ ಈ ಮಾತು ಘಟ್ಟಕ್ಕೂ ಸಲ್ಲುತ್ತದೆ. ಮುರುಡೇಶ್ವರದಿಂದ ಅದೇ ಸಂಜೆ ಬಸ್ಸು ಹತ್ತಿದರೆ ಘಟ್ಟ ಏರಬೇಕು. ಕೊಳ್ಳೇಗಾಲವೇ 600 ಮೀಟರಿನ ಆಸುಪಾಸಿನಲ್ಲಿದೆ. ನೈಟ್ರೋಜನ್ ಕಡಿಮೆ ಇದ್ದರೆ ಇಲ್ಲಿ ಸ್ವಲ್ಪ ನೆಮ್ಮದಿ. ಆದರೆ ಒಂದು ರಾತ್ರಿ ಕಡಲತೀರದಲ್ಲೇ ತಂಗಿದರೆ ಆ ನೆಮ್ಮದಿ ಪುಕ್ಕಟೆಯಾಗಿ ಸಿಗುತ್ತದೆ.

ಮೊದಲ ಸಲ ಇಳಿಯುವವರಿಗಂತೂ ಈ ಲಾಭಗಳು ಲೆಕ್ಕಕ್ಕೇ ಬರುವುದಿಲ್ಲ. ತರಬೇತಿ ಇಲ್ಲದವರನ್ನು ತರಬೇತುದಾರರ ಜೊತೆ ಇಳಿಸುವುದು ಹೆಚ್ಚೆಂದರೆ 12 ಮೀಟರಿಗೆ, ಅದೂ ಸ್ವಲ್ಪ ಹೊತ್ತು. ಅಲ್ಲಿ ನೈಟ್ರೋಜನ್ ದೊಡ್ಡ ಶತ್ರುವಲ್ಲ. ಗಾಳಿ ಅತಿ ವೇಗವಾಗಿ ಹಿಗ್ಗುವುದು ಮಾತ್ರ ಮೇಲಿನ ಆ 10 ಮೀಟರಿನಲ್ಲೇ. ಉಬ್ಬಸದವರಿಗೆ ಆಳಕ್ಕಿಂತ ಈ ಮೇಲುನೀರೇ ಹೆಚ್ಚು ಅಪಾಯಕರ. ನೈಟ್ರಾಕ್ಸ್ ಅಲ್ಲಿ ಏನನ್ನೂ ತಡೆಯುವುದಿಲ್ಲ. ಪುಪ್ಪುಸ ಹರಿದರೆ ಒಳಗಿದ್ದದ್ದು ಶೇ 21ರ ಗಾಳಿಯೋ ಶೇ 32ರದೋ ಎಂಬುದರಿಂದ ಆ ಗಳಿಗೆಯಲ್ಲಿ ಏನೂ ಬದಲಾಗದು.

ಆಕ್ಸಿಜನ್ ಇರಬೇಕಾದ ಜಾಗ ದೋಣಿ. ಅಪಘಾತವಾದವನಿಗೆ ತಕ್ಷಣ ಶುದ್ಧ ಆಕ್ಸಿಜನ್ ಕೊಟ್ಟು, ಆದಷ್ಟು ಬೇಗ ಒತ್ತಡದ ಕೋಣೆ ಇರುವ ಆಸ್ಪತ್ರೆಗೆ ಸಾಗಿಸುವುದೇ ಚಿಕಿತ್ಸೆ. ಹಾಗಾಗಿ ದುಡ್ಡು ಕಟ್ಟುವ ಮುನ್ನ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ದೋಣಿಯಲ್ಲಿ ತುರ್ತು ಆಕ್ಸಿಜನ್ ಇದೆಯೇ, ಅದನ್ನು ಕೊಡಲು ಕಲಿತವರು ಇದ್ದಾರೆಯೇ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ?

ನನ್ನ ವಾದಕ್ಕೆ ಬರುವ ಗಟ್ಟಿ ಆಕ್ಷೇಪ ಒಂದಿದೆ. ಉಬ್ಬಸವಿದ್ದೂ ಡೈವ್ ಮಾಡುವವರು ಜಗತ್ತಿನಲ್ಲಿ ಸಾಕಷ್ಟು ಜನ ಇದ್ದಾರೆ, ಅವರಲ್ಲಿ ಅಪಘಾತ ಎದ್ದು ಕಾಣುವಷ್ಟು ಹೆಚ್ಚಿಲ್ಲ ಎಂದು ಉದಾರವಾದಿಗಳು ಹೇಳುತ್ತಾರೆ. ಈ ಸಮಾಧಾನವನ್ನು ನಾನು ಪೂರ್ತಿ ನಂಬಲಾರೆ. ಡೈವಿಂಗ್ ಮುಂದುವರಿಸಿದವರು ತಾಳಿಕೊಂಡವರು. ಮೊದಲ ಸಲವೇ ಎದೆ ಬಿಗಿದು ಬಿಟ್ಟುಬಿಟ್ಟವರು ಯಾವ ಲೆಕ್ಕಕ್ಕೂ ಸಿಗುವುದಿಲ್ಲ. ಆದ್ದರಿಂದ ಮುಂದುವರಿಸಿದವರಿಗೆಲ್ಲ ಏನೂ ಆಗಲಿಲ್ಲ ಎಂಬುದು ನಮ್ಮ ಹುಡುಗನಿಗೆ ಆಧಾರವಾಗದು. ಅವನ ಸ್ವಂತ ಉಸಿರಿನ ಅಳತೆಯೇ ಆಧಾರವಾಗಬೇಕು.

ನಮ್ಮ ತಾಲ್ಲೂಕಿನ ವೈದ್ಯರನ್ನು ನಾನು ಕೇಳಿಕೊಳ್ಳುವುದಿಷ್ಟು. ಎದೆಗೆ ಸ್ಟೆತಾಸ್ಕೋಪ್ ಇಟ್ಟು, ಸದ್ದಿಲ್ಲವೆಂದು ಫಿಟ್‌ನೆಸ್ ಚೀಟಿ ಬರೆದುಕೊಡಬೇಡಿ. ಸುಮ್ಮನೆ ಕೂತವನ ಎದೆ ಶುಭ್ರವಾಗಿ ಕೇಳುವುದು ಏನನ್ನೂ ಸಾಬೀತು ಮಾಡುವುದಿಲ್ಲ. ಓಡಿಸಿ, ಊದಿಸಿ ನೋಡದೆ ಸಹಿ ಹಾಕುವುದೂ ತಪ್ಪು, ನೋಡದೆ ಗದರಿಸಿ ಕಳಿಸುವುದೂ ತಪ್ಪು. ಕೆಲವು ನೂರು ರೂಪಾಯಿಗೆ ಸಿಗುವ ಪೀಕ್ ಫ್ಲೋ ಮೀಟರ್ ಎಂಬ ಪ್ಲಾಸ್ಟಿಕ್ ಕೊಳವೆಯನ್ನು ಕೊಂಡುಕೊಳ್ಳಲು ಹೇಳಿ. ಬೆಳಗ್ಗೆ ಎದ್ದ ಕೂಡಲೇ, ರಾತ್ರಿ ಮಲಗುವ ಮುನ್ನ, ಎದೆತುಂಬ ಉಸಿರೆಳೆದು ಒಂದೇ ದಮ್ಮಿಗೆ ಊದಿದರೆ ಮುಳ್ಳು ಸರಿದು ನಿಲ್ಲುವ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡಲು ಕಲಿಸಿ. ಕಡಲಿಗೆ ಹೋಗದವರಿಗೂ, ನೂಲು ತೆಗೆಯುವ ಕೋಣೆಯಲ್ಲೇ ದುಡಿಯುವ ಅವರ ತಾಯಂದಿರಿಗೂ ಅದು ಬೇಕು.

ನೇತ್ರಾಣಿಗೆ ಹೊರಟಿರುವ ತಮ್ಮ ತಂಗಿಯರೇ, ಫಾರಂನಲ್ಲಿ ನಿಜ ಬರೆಯಿರಿ. ಹಿಂದಿನ ಎರಡು ದಿನಗಳಲ್ಲಿ ಒಂದು ಸಲವಾದರೂ ಎದೆ ಬಿಗಿದು ಪಂಪು ಬೇಕಾಗಿದ್ದರೆ, ದುಡ್ಡು ಹೋದರೂ ಸರಿ, ಅಂದು ದೋಣಿಯಲ್ಲೇ ಕೂತಿರಿ.